ನೂರರವರೆಗೆ ಹೇಳುವ ಮಗುವಿಗೆ ಏಳು ಗೊತ್ತಾ?

ನಮ್ಮ ಮೈಸೂರಿನಲ್ಲಿ ಚಿಕ್ಕ ಮಕ್ಕಳಿರುವ ಮನೆಗೆ ಹೋದರೆ ಇದೊಂದು ಇದ್ದೇ ಇರುತ್ತದೆ. ನಾಲ್ಕು ವರ್ಷದ ಮಗುವನ್ನು ಕರೆದು ನಿಲ್ಲಿಸಿ "ಆಂಟಿಗೆ ಒನ್ ಟು ಹಂಡ್ರೆಡ್ ಹೇಳು ಪುಟ್ಟಾ" ಅನ್ನುತ್ತಾರೆ. ಮಗು ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ, ಎಲ್ಲರಿಗೂ ಖುಷಿ. ಹೇಳಲಿ, ತಪ್ಪೇನಿಲ್ಲ. ಆದರೆ ಅದೇ ಮಗುವಿನ ಮುಂದೆ ಒಂದು ಹಿಡಿ ಹುಣಸೆ ಬೀಜ ಸುರಿದು "ಇದರಲ್ಲಿ ನನಗೆ ಏಳು ಕೊಡು" ಅಂತ ಕೇಳಿ ನೋಡಿ. ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟು ಎತ್ತಿ ಕೊಟ್ಟುಬಿಡುತ್ತಾರೆ.

ಸಂಜೆ ಹೊತ್ತು ನಮ್ಮ ಬೀದಿಯ ಮಕ್ಕಳು ನಮ್ಮ ಮನೆಗೆ ಆಡಲು ಬರುತ್ತಾರೆ. ಅವರಲ್ಲಿ ಒಬ್ಬಳು ಪುಟಾಣಿ, ಇನ್ನೂ ಎಲ್‌ಕೆಜಿ. ಆರು ಬೀಜ ಸಾಲಾಗಿ ಇಟ್ಟು ಎಣಿಸು ಅಂದೆ. ಬೆರಳಿಟ್ಟು ಚೆನ್ನಾಗಿಯೇ ಎಣಿಸಿದಳು, ಒಂದೂ ಬಿಡಲಿಲ್ಲ. "ಹಾಗಾದ್ರೆ ಎಷ್ಟಿದೆ ಕಂದಾ?" ಅಂದರೆ ಮತ್ತೆ ಒಂದರಿಂದ ಶುರು ಮಾಡಿದಳು. ಇನ್ನೊಂದು ಸಲ ಕೇಳಿದರೂ ಅದೇ. ಅವಳ ಮಟ್ಟಿಗೆ "ಎಷ್ಟಿದೆ" ಅಂದರೆ ಎಣಿಸು ಅಂತ ಅರ್ಥ, ಅಷ್ಟೇ. ಕೊನೆಗೆ ಬಾಯಲ್ಲಿ ಬಂದ ಆರು ಆ ಕೊನೆಯ ಬೀಜದ ಹೆಸರಲ್ಲ, ಇಡೀ ಸಾಲಿನ ಲೆಕ್ಕ ಅನ್ನುವುದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ದೊಡ್ಡವರಿಗೆ ಇದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಕೂಡುವುದು ಕಳೆಯುವುದು ಎಲ್ಲಾ ನಿಂತಿರುವುದು ಇದರ ಮೇಲೆಯೇ. ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು 1978ರಲ್ಲೇ ಎಣಿಕೆಯನ್ನು ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ತಪ್ಪಬಾರದು, ಕೊನೆಯ ಸಂಖ್ಯೆಯೇ ಒಟ್ಟು, ಏನನ್ನು ಬೇಕಾದರೂ ಎಣಿಸಬಹುದು, ಯಾವ ಕಡೆಯಿಂದ ಎಣಿಸಿದರೂ ಲೆಕ್ಕ ಅಷ್ಟೇ. ಇಷ್ಟೂ ಮಗುವಿನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳಬೇಕು. ಬಾಯಿಪಾಠದಿಂದ ಸಿಗುವುದು ಕ್ರಮ ಒಂದೇ. ಉಳಿದದ್ದೆಲ್ಲಾ ಕೈಯಲ್ಲಿ ಮುಟ್ಟಿ, ಎತ್ತಿಟ್ಟು, ಹಂಚಿ, ಮಾತಾಡಿ ಬರಬೇಕು.

ಅದಕ್ಕೇ ನನಗೆ ಅಳಗುಳಿಮಣೆ ಅಂದರೆ ಇಷ್ಟ. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿಯ ಬೀಜವನ್ನೆಲ್ಲಾ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಮೊದಮೊದಲು ಮಕ್ಕಳು ಒಂದೇ ಗುಳಿಗೆ ಎರಡು ಬೀಳಿಸುತ್ತಾರೆ, ಒಂದು ಗುಳಿ ಹಾರಿಸಿಬಿಡುತ್ತಾರೆ, ಎದುರಿಗೆ ಕೂತ ಮಗು "ಏಯ್, ಅದನ್ನ ಬಿಟ್ಟೆ!" ಅಂತ ಕೂಗುತ್ತದೆ. ನಾನೇನೂ ತಿದ್ದಬೇಕಾಗಿಲ್ಲ. ಸ್ವಲ್ಪ ದಿನ ಹೋದಮೇಲೆ ನೋಡಬೇಕು ಮಜಾ. ಖಾಲಿ ಗುಳಿ ಸಿಕ್ಕಿದರೆ ಅದರ ಮುಂದಿನ ಗುಳಿಯ ಬೀಜ ನಮ್ಮದು ಅಂತ ಗೊತ್ತಾಗಿರುತ್ತದಲ್ಲ, ಆಮೇಲೆ ಮಗು ಬೀಜಕ್ಕೆ ಕೈ ಹಾಕುವ ಮೊದಲೇ ತಡೆದು, ಕಣ್ಣಲ್ಲೇ ಗುಳಿಗಳನ್ನು ಎಣಿಸುತ್ತಾ, ಇಲ್ಲಿಂದ ಹೊರಟರೆ ಎಲ್ಲಿ ಮುಗಿಯುತ್ತದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಲು ಶುರು ಮಾಡುತ್ತದೆ. ಆರು ವರ್ಷದ ಮಗು ತುಟಿ ಅಲುಗಿಸುತ್ತಾ ಹಾಗೆ ಕೂತಿರುವುದನ್ನು ನೋಡಿದವರಿಗೆ ಗಣಿತ ಕಷ್ಟದ ವಿಷಯ ಅಂತ ಹೇಳಲು ಬಾಯಿ ಬರುವುದಿಲ್ಲ.

ಚೌಕಾಬಾರದಲ್ಲಿ ಇನ್ನೊಂದು ಪಾಠ ಇದೆ. ನಾಲ್ಕು ಕವಡೆ ಹಾಕುತ್ತೇವೆ, ಎಷ್ಟು ಅಂಗಾತ ಬಿದ್ದಿವೆಯೋ ಅಷ್ಟು ಮನೆ, ಎಲ್ಲಾ ಕವುಚಿ ಬಿದ್ದರೆ ಎಂಟು. ಹತ್ತಾರು ಸಲ ಆಡಿದ ಮಗು ಮೂರು ಕವಡೆಯನ್ನು ಎಣಿಸುವುದೇ ಇಲ್ಲ. ನೋಡಿದ ತಕ್ಷಣ ಮೂರು ಅನ್ನುತ್ತದೆ.

ಸಣ್ಣ ವಯಸ್ಸಿನಲ್ಲೇ ಯಾಕೆ, ಶಾಲೆಗೆ ಹೋದಮೇಲೆ ಕಲಿಯುತ್ತಾರಲ್ಲ ಅಂತ ಕೇಳುವವರಿದ್ದಾರೆ. ಗ್ರೆಗ್ ಡಂಕನ್ ಮತ್ತು ಸಂಗಡಿಗರು 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಅಮೆರಿಕ, ಕೆನಡಾ, ಬ್ರಿಟನ್ನಿನ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಲೆಹಾಕಿದ 6 ಬೇರೆ ಬೇರೆ ಮಾಹಿತಿ ಸಂಗ್ರಹಗಳನ್ನು ಅವರು ಒಟ್ಟಿಗೆ ನೋಡಿದರು. ಶಾಲೆಗೆ ಸೇರುವ ಹೊತ್ತಿಗೆ ಮಗುವಿಗೆ ಇದ್ದ ಗಣಿತದ ತಿಳುವಳಿಕೆಯೇ ಮುಂದಿನ ಕಲಿಕೆಯನ್ನು ಎಲ್ಲಕ್ಕಿಂತ ಜಾಸ್ತಿ ಸೂಚಿಸುತ್ತಿತ್ತು, ಓದುವ ಸಿದ್ಧತೆ ಅದರ ನಂತರ. ಒಂದು ಕಾರಣ, ಇನ್ನೊಂದು ಪರಿಣಾಮ ಅಂತ ಇದರಿಂದ ಸಾಬೀತಾಗುವುದಿಲ್ಲ, ಅದೂ ನಿಜ. ಆದರೆ ನಮ್ಮ ದೇಶದ ಕಡೆ ನೋಡಿ. ಹಳ್ಳಿಗಳಲ್ಲಿ ನಡೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ಮೂರನೇ ಕ್ಲಾಸಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಕಳೆಯುವ ಲೆಕ್ಕ ಬರುತ್ತದೆ. ಇದನ್ನು ಓದಿದಾಗ ನನಗೆ ನಿಜವಾಗಲೂ ಸಂಕಟವಾಯಿತು. ಆ ಮಕ್ಕಳು ದಡ್ಡರಲ್ಲ. ಬುಡ ಗಟ್ಟಿಯಾಗುವ ಮೊದಲೇ ಪಾಠ ಮುಂದಕ್ಕೆ ಓಡಿಬಿಟ್ಟಿರುತ್ತದೆ.

ಹಾಗಂತ ಬರೀ ಆಟ ಆಡಿಸಿ ಬಿಟ್ಟರೆ ಎಲ್ಲಾ ಬರುತ್ತದಾ? ಬರುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು ದೆಹಲಿ, ಕೋಲ್ಕತ್ತಾದ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಅಧ್ಯಯನ ಮಾಡಿದ್ದು 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ತರಕಾರಿಗೆ ಎಷ್ಟಾಯಿತು, ಚಿಲ್ಲರೆ ಎಷ್ಟು ಅಂತ ಬಾಯಲ್ಲೇ ಹೇಳುವ ಮಕ್ಕಳು ಅಂಥದೇ ಲೆಕ್ಕ ಕಾಗದದ ಮೇಲೆ ಬಂದಾಗ ತಡವರಿಸಿದರು. ಶಾಲೆಗೆ ಹೋಗುವ ಮಕ್ಕಳದ್ದು ಉಲ್ಟಾ, ಅಂಗಡಿ ಲೆಕ್ಕ ಅವರಿಗೆ ಕಷ್ಟ. ಎರಡರ ಮಧ್ಯೆ ಯಾರೋ ಒಬ್ಬರು ಸೇತುವೆ ಕಟ್ಟಬೇಕು. ಅದು ನಾಲ್ಕೈದು ವರ್ಷದಲ್ಲೇ ಶುರುವಾದರೆ ಒಳ್ಳೆಯದು ಅನ್ನುವುದು ನನ್ನ ನಂಬಿಕೆ. ಬೀಜ ಎಣಿಸಿದ ಮೇಲೆ ಅಷ್ಟೇ ಚುಕ್ಕೆ ಹಾಕಿಸಿ, ಆಮೇಲೆ ಪಕ್ಕದಲ್ಲಿ 6 ಬರೆಸಿ. ಈ ಕ್ರಮ ತಲೆಕೆಳಗಾಗಬಾರದು.

ಇದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಕಾರ್ಡು, ಹಾಡು, ಗುಂಪು ಚಟುವಟಿಕೆಗಳಲ್ಲಿ ಕಲಿಸುವ ನಲಿಕಲಿ 1995ರಲ್ಲಿ ಶುರುವಾಗಿದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಅದನ್ನು ಕಟ್ಟಿದರು, ಆಮೇಲೆ ರಾಜ್ಯಕ್ಕೆ ಹರಡಿತು. ಅಂಥ ಊರಿನಲ್ಲಿ ಇವತ್ತು ಎಲ್‌ಕೆಜಿ ಮಗುವಿಗೆ 1ರಿಂದ 50 ಐದು ಸಲ ಬರೆದುಕೊಂಡು ಬಾ ಅಂತ ಹೋಂವರ್ಕ್ ಕೊಡುತ್ತಾರೆ. ಪೆನ್ಸಿಲ್ ಹಿಡಿದು ಬೆರಳು ನೋವು ಅಂತ ಮಗು ಅಳುತ್ತದೆ. ಪಕ್ಕದ ಮನೆಯಲ್ಲಿ ಇದನ್ನು ಕಣ್ಣಾರೆ ನೋಡುತ್ತಿದ್ದೇನೆ. ದಯವಿಟ್ಟು ಮೀಟಿಂಗಿಗೆ ಹೋದಾಗ ಮಿಸ್ ಹತ್ತಿರ ಕೇಳಿ, ಜಗಳವಾಡಬೇಕಾಗಿಲ್ಲ, "ಬರೆಯೋದು ಕಡಿಮೆ ಮಾಡಿ, ಎಣಿಸೋದು ಜಾಸ್ತಿ ಮಾಡಿಸ್ತೀರಾ ಮಿಸ್?" ಅಂದರೆ ಸಾಕು.

ಮನೆಯಲ್ಲಿ ಮಾಡಲು ದುಡ್ಡು ಖರ್ಚಿಲ್ಲ. ದೇವರಾಜ ಮಾರ್ಕೆಟ್ಟಿಗೆ ಹೂ ತರಲು ಹೋದಾಗ ಮಗುವನ್ನೂ ಕರೆದುಕೊಂಡು ಹೋಗಿ, ಹೂವಿನವರು ಮೊಳ ಹಾಕುವುದನ್ನು ತೋರಿಸಿ, ಮನೆಗೆ ಬಂದು ಅದೇ ಹೂವನ್ನು ಮಗುವಿನ ಮೊಳದಲ್ಲಿ ಅಳೆಸಿ. ಅಂಗಡಿಯಲ್ಲಿ ಎರಡು ಮೊಳ ಇದ್ದದ್ದು ಮನೆಯಲ್ಲಿ ಮೂರು ಹೇಗಾಯಿತು ಅಂತ ಮಗುವೇ ಕೇಳುತ್ತದೆ. ತಕ್ಷಣ ಉತ್ತರ ಹೇಳಬೇಡಿ, ಸ್ವಲ್ಪ ಯೋಚಿಸಲಿ. ಅನ್ನಕ್ಕೆ ಇಡುವಾಗ ಪಾವಿನಲ್ಲಿ ಅಕ್ಕಿ ಅಳೆಯುವುದನ್ನು ಅವರಿಗೇ ಬಿಡಿ. ಎಲ್ಲರಿಗೂ ಎರಡೆರಡು ಚಕ್ಕುಲಿ ಹಂಚಿ ಬಾ ಅನ್ನಿ, ಸುಮ್ನೆ ಹಾಗೇ, ಪಾಠ ಅನ್ನುವ ದನಿ ಇಲ್ಲದೆ.

ಅಳಗುಳಿಮಣೆ ಇಲ್ಲದವರು ನೆಲದ ಮೇಲೆ ಸೀಮೆಸುಣ್ಣದಲ್ಲಿ 14 ಸುತ್ತು ಬರೆದುಕೊಂಡರೂ ಆಗುತ್ತದೆ. ಹುಣಸೆ ಬೀಜ ತೊಳೆದು ಒಣಗಿಸಿ ಇಟ್ಟುಕೊಳ್ಳಿ. ಗುಲಗಂಜಿ ಮಾತ್ರ ಕೊಡಬೇಡಿ, ನೋಡಲು ಚೆಂದ ಇದ್ದರೂ ಅದು ವಿಷದ ಬೀಜ. ಇನ್ನು ತೀರಾ ಚಿಕ್ಕವರು ಏನು ಸಿಕ್ಕರೂ ಬಾಯಿಗೆ ಹಾಕುತ್ತಾರೆ, ಹಾಗಾಗಿ ಅವರಿಗೆ ಬೀಜವೇ ಬೇಡ, ನಿಂಬೆಹಣ್ಣೋ ಈರುಳ್ಳಿಯೋ ಕೊಟ್ಟು ಎಣಿಸಲು ಬಿಡಿ.