ಹಳೇ ಕಂಪನಿಯಲ್ಲಿದ್ದುಕೊಂಡೇ ಹೊಸದನ್ನು ಶುರು ಮಾಡೋದು ಹೇಗೆ?

ಪುಣೆಯ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದಾಗಲೆಲ್ಲ ಚಾಕಣ್, ಪಿಂಪ್ರಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗರು ಕೇಳುತ್ತಾರೆ: "ಸರ್, ದೊಡ್ಡ ಕಂಪನಿ ಒಳಗಿದ್ದುಕೊಂಡು ಹೊಸ ವ್ಯಾಪಾರ ಕಟ್ಟೋಕಾಗುತ್ತಾ? ಕೆಲಸ ಬಿಡಲೇಬೇಕಾ?"

ಬಿಡಬೇಕಾಗಿಲ್ಲ. ಆದರೆ ಗೇಟಿನ ಹೊರಗೆ ಜಾಸ್ತಿ ಓಡಾಡಬೇಕು.

ಟಾಟಾ ಏಸ್ ಅನ್ನೋ ಸಣ್ಣ ನಾಲ್ಕು ಚಕ್ರದ ಗೂಡ್ಸ್ ಗಾಡಿ ನೋಡಿ. 2000ದ ಆಸುಪಾಸಿನಲ್ಲಿ ಲಾರಿ ವ್ಯಾಪಾರ ಕುಸಿದು ಟಾಟಾ ಮೋಟರ್ಸ್ ದೊಡ್ಡ ನಷ್ಟದಲ್ಲಿತ್ತು. ಆ ಕಂಪನಿಯ ಗಿರೀಶ್ ವಾಘ್ ಅವರ ತಂಡ ಮೂರು ಚಕ್ರದ ಗೂಡ್ಸ್ ಗಾಡಿ ಓಡಿಸುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿತು. ಅವರಿಗೆ ಅಗ್ಗದ ಗಾಡಿಯೂ ಬೇಕಿತ್ತು, ನಾಲ್ಕು ಚಕ್ರದ ಮರ್ಯಾದೆಯೂ ಬೇಕಿತ್ತು. ನಾಲ್ಕು ಚಕ್ರ ಇದ್ದರೆ ಹೆಣ್ಣು ಸಿಗೋದು ಸುಲಭ ಅಂತ ಒಬ್ಬ ಚಾಲಕ ಹೇಳಿದ್ದನಂತೆ! ಆಫೀಸಿನಲ್ಲಿ ಕೂತವರಿಗೆ ಇದು ಹೊಳೆಯುವ ವಿಷಯವಲ್ಲ. 2005ರಲ್ಲಿ ಗಾಡಿ ರಸ್ತೆಗಿಳಿಯಿತು.

ಅದರ ಎಂಜಿನ್ ಕಥೆ ನನಗೆ ಇನ್ನೂ ಇಷ್ಟ. ಟಾಟಾದವರದೇ ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ 1405 ಸಿಸಿ ಡೀಸೆಲ್ ಎಂಜಿನನ್ನು ಹೆಚ್ಚುಕಡಿಮೆ ಅರ್ಧ ಮಾಡಿ, ಎರಡು ಸಿಲಿಂಡರಿನ 702 ಸಿಸಿ ಎಂಜಿನ್ ಮಾಡಿಕೊಂಡರು. ಎಂಜಿನ್ ಬಲ್ಲವರು ಒಳಗೆ ಇಲ್ಲದಿದ್ದರೆ ಚಾಲಕರ ಮಾತು ಬರೀ ಹರಟೆಯಾಗಿ ಉಳಿಯುತ್ತಿತ್ತು. ಕೋಹೆನ್ ಮತ್ತು ಲೆವಿಂಥಾಲ್ ಎಂಬ ಸಂಶೋಧಕರು 1990ರಲ್ಲಿ ಇದನ್ನೇ ವಾದಿಸಿದರು: ಮೊದಲೇ ಸ್ವಲ್ಪ ಗೊತ್ತಿದ್ದವರಿಗೇ ಹೊರಗಿನ ತಿಳಿವಳಿಕೆ ದಕ್ಕೋದು. ಸ್ವಂತ ಆರ್ ಅಂಡ್ ಡಿ (ಸಂಶೋಧನಾ ವಿಭಾಗ) ಮುಚ್ಚಿ ಎಲ್ಲವನ್ನೂ ಹೊರಗಿಂದ ತರ್ತೀವಿ ಅನ್ನೋ ಬಾಸ್‌ಗಳನ್ನು ಕಂಡರೆ ನನಗೆ ನಗು ಬರುತ್ತದೆ.

ಯಾರ ಜೊತೆ ಓಡಾಡಬೇಕು? ದಿನಾ ಕ್ಯಾಂಟೀನಿನಲ್ಲಿ ಪಕ್ಕ ಕೂರುವವರಿಗೆ ನಿಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ಅಲ್ವಾ? ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಹೊಸ ಸುದ್ದಿ ಬರುತ್ತದೆ ಅಂತ ಸಮಾಜಶಾಸ್ತ್ರಜ್ಞ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಪುಣೆಯಲ್ಲಿ ಅಂಥವರಿಗೆ ಬರವಿಲ್ಲ. ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಆವರಣದಲ್ಲಿ ಹೊಸ ಕಂಪನಿಗಳನ್ನು ಬೆಳೆಸುವ ವೆಂಚರ್ ಸೆಂಟರ್‌ನಲ್ಲಿ ವಿಜ್ಞಾನದ ಸ್ಟಾರ್ಟಪ್‌ಗಳಿವೆ. ಭೋಸರಿಯ ಸಣ್ಣ ವರ್ಕ್‌ಶಾಪ್‌ಗಳ ಮಾಲೀಕರು ಹತ್ತು ಕಂಪನಿಗಳಿಗೆ ಜಾಬ್ ವರ್ಕ್, ಅಂದರೆ ಅವರು ಹೇಳಿದ ಪಾರ್ಟ್ ಮಾಡಿಕೊಡುವ ಕೆಲಸ, ಮಾಡಿರುತ್ತಾರೆ. ಯಾವ ಪಾರ್ಟ್ ಎಲ್ಲಿ ಕೈಕೊಡುತ್ತದೆ ಅಂತ ಅವರಿಗೆ ಗೊತ್ತು. (ಬೇರೆ ಕಂಪನಿಯವರ ಡ್ರಾಯಿಂಗ್ ತೋರಿಸಿ ಅಂತ ಮಾತ್ರ ಕೇಳಬೇಡಿ, ಅದು ಅವರ ಗುಟ್ಟು.)

ಇಂಥ ಸಂಬಂಧಗಳು ಸಾಮಾನ್ಯವಾಗಿ ಸಾಯೋದು ಪರ್ಚೇಸ್ ವಿಭಾಗದಲ್ಲಿ. ನಿನ್ನೆ ಹುಟ್ಟಿದ ಸ್ಟಾರ್ಟಪ್ ಹತ್ತಿರ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೇಳುತ್ತಾರೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾನೂನಿದ್ದರೂ ಬಿಲ್ ಎಳೆಯುತ್ತಾರೆ. ಹಾಗಾಗಿ ಐಡಿಯಾ ಹಿಡಿದು ಬಾಸ್ ಹತ್ತಿರ ಹೋದಾಗ ಸಣ್ಣ ಪ್ರಯೋಗಕ್ಕಾಗುವಷ್ಟು ದುಡ್ಡು, ಬೇಗ ಬಿಲ್ ಪಾಸ್ ಮಾಡುವ ಒಪ್ಪಿಗೆ, ಎರಡನ್ನೂ ಬರೆಸಿಕೊಂಡೇ ಬನ್ನಿ.