ಎರಡು ದಿನದ ರಜೆಯಲ್ಲಿ ಊರಿಗೆಷ್ಟು, ಗಡ್ಡೆಗೆಷ್ಟು?

ವರ್ಷಕ್ಕೆ ಏನಿಲ್ಲ ಅಂದ್ರೂ ಎಂಟು ಹತ್ತು ಸಲ ಈ ಪ್ರಶ್ನೆ ನನಗೆ ಬರುತ್ತದೆ. ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಮೈಸೂರಿನ ನೆಂಟರು ಕೇಳುತ್ತಾರೆ. ಮುಖ ನೋಡಿರದ, ಗೆಳೆಯರ ಗೆಳೆಯರೂ ಕೇಳುತ್ತಾರೆ. ಮಾತು ಆಚೀಚೆ ಇದ್ದರೂ ಪ್ರಶ್ನೆ ಒಂದೇ. "ಮಂತ್ರಾಲಯಕ್ಕೆ ಬರ್ತಾ ಇದೀವಿ. ಅದಾದ್ಮೇಲೆ ಎರಡು ದಿನ ಉಳಿಯುತ್ತೆ. ರಾಯಚೂರಿಗೆ ಎಷ್ಟು ಹೊತ್ತು ಇಡೋಣ, ಕುರ್ವಪುರಕ್ಕೆ ಎಷ್ಟು?"

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಾಯಚೂರಿಗೆ ಬಂದ ದಿನವೇ ನದಿ ದಾಟಿ ಗಡ್ಡೆಗೆ, ಅಂದರೆ ಕುರ್ವಪುರಕ್ಕೆ, ಹೋಗಿ. ರಾತ್ರಿ ಅಲ್ಲೇ ಇರಿ. ಮರುದಿನ ಪೂಜೆ ಮುಗಿಸಿ ನಿಧಾನಕ್ಕೆ ದಾಟಿ ಬನ್ನಿ. ಉಳಿದ ಹೊತ್ತೆಲ್ಲ ಊರಿಗೆ ಕೊಡಿ. ಗಡ್ಡೆಯನ್ನು ಕೊನೆಗೆ ಮಾತ್ರ ಇಟ್ಟುಕೊಳ್ಳಬೇಡಿ.

ಗಡ್ಡೆ ಅಂದರೆ ನಮ್ಮ ಕಡೆ ನಡುಗಡ್ಡೆ. ದಕ್ಷಿಣದಿಂದ ಬರುವವರಿಗೆ ಇದು "ಗದ್ದೆ" ಅಂತ ಕೇಳಿಸಿ, ಭತ್ತದ ಹೊಲ ಅಂದುಕೊಳ್ಳುತ್ತಾರೆ. ನದಿಯ ನಡುವೆ ನೀರು ಬಳಸಿ ಹರಿಯುವ ನೆಲಕ್ಕೆ ನಾವು ಗಡ್ಡೆ ಅನ್ನುತ್ತೇವೆ. ಕುರ್ವ ಅನ್ನುವುದಕ್ಕೂ ಅದೇ ಅರ್ಥ, ಹಳೆಯ ಕನ್ನಡದ ಮಾತು ಅದು. ಕುರ್ವಪುರ ಅಂದರೆ ಗಡ್ಡೆಯ ಮೇಲಿನ ಊರು, ಅಷ್ಟೇ. ಅದು ರಾಯಚೂರು ತಾಲ್ಲೂಕಿನಲ್ಲಿ, ಕೃಷ್ಣಾ ನದಿಯೊಳಗಿದೆ. ಆಚೆ ದಡ ತೆಲಂಗಾಣ. ದತ್ತಾತ್ರೇಯರ ಅವತಾರ ಅಂತ ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ಇದ್ದ ಜಾಗ ಇದು. ಮಹಾರಾಷ್ಟ್ರದಿಂದ, ಆಂಧ್ರ, ತೆಲಂಗಾಣದಿಂದ ಜನ ಹುಡುಕಿಕೊಂಡು ಬರುತ್ತಾರೆ. ನಮ್ಮ ರಾಜ್ಯದ ಎಷ್ಟೋ ಜನಕ್ಕೆ ಹೆಸರೂ ಗೊತ್ತಿಲ್ಲ ಅನ್ನೋದು ನನಗೆ ಬೇಜಾರಿನ ಸಂಗತಿ.

ಗಡ್ಡೆ ಮೊದಲು ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅದಕ್ಕೆ ಒಂದು ಆಗಸ್ಟ್ ತಿಂಗಳ ಮಧ್ಯಾಹ್ನ ಕಾರಣ. ನಮ್ಮ ಭಾವ, ಅಕ್ಕ, ಭಾವನ ತಾಯಿ ಬೆಂಗಳೂರಿನಿಂದ ಬಂದಿದ್ದರು. ಅವರಿಗೂ ಎರಡೇ ದಿನ. ಭಾವ ನ್ಯಾಯವಾಗಿ ಪಾಲು ಮಾಡಿದ್ದರು. ಮೊದಲ ದಿನ ರಾಯಚೂರು, ಕೋಟೆ, ಪೇಟೆ. ಎರಡನೇ ದಿನ ಕುರ್ವಪುರ. ಆದರೆ ಎರಡನೇ ದಿನ ಬೆಳಿಗ್ಗೆ ನೆಂಟರ ಮನೆಯಲ್ಲಿ ಊಟಕ್ಕೆ ನಿಲ್ಲಿಸಿಕೊಂಡರು. ಗಡ್ಡೆಗೆ ದಾಟಲು ಹರಿಗೋಲು ಹತ್ತುವ ಆತ್ಕೂರಿನ ದಡ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ರಾತ್ರಿಗೆ ವಾಪಸ್ ರೈಲು.

ನದಿ ಕೆಂಪಗಿತ್ತು. ಮಧ್ಯದಲ್ಲಿ ಕಸಕಡ್ಡಿ, ನೊರೆ ಸೇರಿ ಓಡುತ್ತಿತ್ತು. ಹಿಂದಿನ ದಿನ ದಡದಲ್ಲಿ ಕಾಣುತ್ತಿದ್ದ ಬಂಡೆಗಳೆಲ್ಲ ಮುಳುಗಿಬಿಟ್ಟಿದ್ದವು. ಅಂಬಿಗರು ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿ, ಪಕ್ಕದಲ್ಲಿ ಕೂತಿದ್ದರು. ಭಾವ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು. "ಹೋಗೂದು ಹೆಂಗರ ಮಾಡಿ ಹೋಗಬಹುದ್ರಿ. ವಾಪಸ್ ಬರೂದು ನನ್ ಕೈಯಾಗಿಲ್ರಿ. ಮ್ಯಾಲಿಂದ ನೀರು ಬಿಟ್ಟಾರ."

ಭಾವ ಗಡಿಯಾರ ನೋಡಿಕೊಂಡರು. ಅವರ ತಾಯಿ ಒಂದು ಮಾತೂ ಆಡಲಿಲ್ಲ. ಮೂವತ್ತು ವರ್ಷದ ಹರಕೆ ಅವರದು. ದಡದ ಮೇಲೆ ಚಪ್ಪಲಿ ಬಿಟ್ಟು, ಆಚೆ ಕಾಣುತ್ತಿದ್ದ ಮರಗಳ ಕಡೆ ಕೈ ಮುಗಿದರು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಹೂವನ್ನು ನೀರಿಗೆ ಬಿಟ್ಟರು. ಹೂವು ಕಣ್ಣೆದುರೇ ಹರಿದು ಹೋಯಿತು. ನಾವು ವಾಪಸ್ ಬಂದೆವು.

ಅವತ್ತು ರಾಯಚೂರಿನಲ್ಲಿ ಒಂದು ಹನಿ ಮಳೆ ಇರಲಿಲ್ಲ. ಇದನ್ನೇ ಹೊರಗಿನವರು ತಿಳಿದುಕೊಳ್ಳಬೇಕು. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿ ಮಳೆ ಹಿಡಿದರೆ ಆಲಮಟ್ಟಿ ತುಂಬುತ್ತದೆ, ಆಮೇಲೆ ನಾರಾಯಣಪುರದ ಬಸವಸಾಗರ ತುಂಬುತ್ತದೆ. ಅಲ್ಲಿಂದ ಗೇಟು ಎತ್ತಿದರೆ ನೀರು ನಮ್ಮ ಕಡೆಗೇ. ಅದು ಸಾಲದು ಅಂತ, ಕುರ್ವಪುರಕ್ಕಿಂತ ಮೇಲೆಯೇ ಭೀಮಾ ಬಂದು ಕೃಷ್ಣೆಗೆ ಸೇರುತ್ತದೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಆ ದಾರಿಯಲ್ಲಿ ಬರುತ್ತದೆ. ಹೀಗೆ ಎರಡು ನದಿಯ ಸುದ್ದಿ ಗೊತ್ತಿರಬೇಕು. ನಿಮ್ಮ ಫೋನಿನಲ್ಲಿ ರಾಯಚೂರಿನ ಹವಾಮಾನ ನೋಡಿ "ಬಿಸಿಲಿದೆ" ಅಂತ ಹೊರಟರೆ ಏನೂ ತಿಳಿಯಲ್ಲ. ಜುಲೈನಿಂದ ಸೆಪ್ಟೆಂಬರ್ ತನಕ ಬರುವವರು ಬಸವಸಾಗರದಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅನ್ನೋದನ್ನು ನೋಡಿ. ನಮ್ಮ ಕಡೆಯ ಪತ್ರಿಕೆಗಳಲ್ಲಿ, ಸ್ಥಳೀಯ ಸುದ್ದಿಗಳಲ್ಲಿ ಅದು ದಿನಾ ಇರುತ್ತದೆ. ಲಕ್ಷ ದಾಟಿದೆ ಅಂದರೆ ಗಡ್ಡೆಯ ಆಸೆ ಬಿಡಿ.

ಇದಕ್ಕೇ ನಾನು ಹೇಳುವುದು, ಊರನ್ನು ತುಂಡು ಮಾಡಿ ನೋಡಬಹುದು, ಗಡ್ಡೆಯನ್ನು ಆಗಲ್ಲ ಅಂತ. ರೈಲು ಎರಡು ಗಂಟೆ ತಡವಾಗಿ ಬಂದರೂ ಕೋಟೆ ಅಲ್ಲೇ ಇರುತ್ತದೆ. ಒಂದು ದರವಾಜ ನೋಡೋದು ಬಿಟ್ಟರೆ ನಷ್ಟ ಇಲ್ಲ. ಗಡ್ಡೆಗೆ ಹೋಗುವಾಗ ವಾಪಸ್ ಬರುವ ಹೊತ್ತು ನಿಮ್ಮ ಕೈಯಲ್ಲಿರಲ್ಲ. ಅಂಥ ಜಾಗವನ್ನು ರಜೆಯ ಮೊದಲ ಭಾಗದಲ್ಲಿ ಇಟ್ಟರೆ, ಒಂದು ಹೊತ್ತು ಕಾಯಬೇಕಾಗಿ ಬಂದರೂ ಹಿಂದೆ ಸಮಯ ಇರುತ್ತದೆ.

ಭಾವ ಮತ್ತೆ ಬಂದದ್ದು ಜನವರಿಯಲ್ಲಿ. ಈ ಸಲ ನಸುಕಿನಲ್ಲಿ ರೈಲು ಇಳಿದವರು, ಮನೆಯಲ್ಲಿ ಸ್ನಾನ ಮಾಡಿ, ಮಂಡಾಳು ಒಗ್ಗರಣೆ ತಿಂದು, ಸೀದಾ ಆತ್ಕೂರಿಗೆ ಹೊರಟರು. ರಾಯಚೂರಿನಿಂದ ಸುಮಾರು 30 ಕಿಲೋಮೀಟರ್. ಎರಡೂ ಕಡೆ ಹತ್ತಿ, ಜೋಳ, ನೀರಿರುವ ಕಡೆ ಭತ್ತ.

ಹರಿಗೋಲು ಹತ್ತದವರಿಗೆ ಒಂದು ಮಾತು. ಅದು ದೊಡ್ಡ ಬಿದಿರಿನ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಬಿಸಿಲಿಗೆ ಆ ಡಾಂಬರಿನ ವಾಸನೆ ಏಳುತ್ತದೆ. ಅದಕ್ಕೆ ಮುಂದೆ ಹಿಂದೆ ಅಂತ ಇಲ್ಲ, ದುಂಡಗಿರುತ್ತದೆ. ಭಾರ ಸಮ ಆಗುವ ಹಾಗೆ ಅಂಬಿಗರು ಒಬ್ಬೊಬ್ಬರನ್ನೇ ಕೂರಿಸುತ್ತಾರೆ. "ಅಮ್ಮಾ, ನೀವು ನಡುವ ಕುಂದರ್ರಿ" ಅಂತ ಭಾವನ ತಾಯಿಯನ್ನು ಕೈ ಹಿಡಿದು ಇಳಿಸಿಕೊಂಡರು. ನೇರವಾಗಿ ಎದುರು ದಡಕ್ಕೆ ಹೊರಡಲಿಲ್ಲ. ಮೊದಲು ದಡಕ್ಕೆ ಅಂಟಿಕೊಂಡೇ, ನೀರು ಬರುವ ದಿಕ್ಕಿಗೆ ಎದುರಾಗಿ, ಸುಮಾರು ದೂರ ಹುಟ್ಟು ಹಾಕಿದರು. ಭಾವ "ಇದೇನು, ಬೇರೆ ಕಡೆ ಹೋಗ್ತಾ ಇದೀವಾ?" ಅಂತ ನನ್ನ ಮುಖ ನೋಡಿದರು. ಅಷ್ಟು ಮೇಲೆ ಹೋದ ಮೇಲೆ ಹರಿಗೋಲನ್ನು ನಡುನೀರಿಗೆ ಬಿಟ್ಟರು. ನೀರಿನ ಸೆಳೆತ ನಮ್ಮನ್ನು ಕೆಳಗೆ ತಳ್ಳುತ್ತಾ ಹೋಯಿತು, ಅವರು ಅಡ್ಡಕ್ಕೆ ಹುಟ್ಟು ಹಾಕುತ್ತಾ ಹೋದರು. ಕೊನೆಗೆ ಇಳಿಯುವ ಕಲ್ಲಿನ ಹತ್ತಿರವೇ ಸರಿಯಾಗಿ ಬಂದು ನಿಂತಿತು. ನದಿಯ ಜೊತೆ ಲೆಕ್ಕ ಹಾಕಿ ದಾಟುವ ವಿದ್ಯೆ ಇದು. ನಾನು ನೋಡಿದಾಗಲೆಲ್ಲ ಸುಮ್ನೆ ಕೂತು ಅದನ್ನೇ ನೋಡುತ್ತೇನೆ. ಮೋಟಾರ್ ದೋಣಿಯೂ ಇರುತ್ತದೆ. ಯಾವುದೇ ಆಗಲಿ, ಲೈಫ್ ಜಾಕೆಟ್ ಇದ್ದರೆ ಕೇಳಿ ಹಾಕಿಕೊಳ್ಳಿ. ಜಾಸ್ತಿ ಜನ ತುಂಬಿದ್ದರೆ ಮುಂದಿನ ಸಲಕ್ಕೆ ಕಾಯಿರಿ.

ಗಡ್ಡೆಯ ಮೇಲೆ ನೋಡುವ ಜಾಗಗಳ ಪಟ್ಟಿ ಚಿಕ್ಕದು. ದೇವಸ್ಥಾನ, ಪಾದುಕೆ, ಆಲದ ಮರ, ದತ್ತ ಭಕ್ತರಾಗಿದ್ದ ಸನ್ಯಾಸಿ ಟೆಂಬೆ ಸ್ವಾಮಿಗಳು ತಪಸ್ಸು ಮಾಡಿದ ಗುಹೆ. "ದಿಗಂಬರಾ ದಿಗಂಬರಾ" ಅಂತ ಇವತ್ತು ಎಲ್ಲ ಕಡೆ ದತ್ತ ಭಕ್ತರು ಹೇಳುವ ನಾಮ ಅವರಿಗೆ ಇಲ್ಲೇ ಹೊಳೆದದ್ದು ಅನ್ನುತ್ತಾರೆ. ಗಡಿಯಾರ ಹಿಡಿದು ನೋಡಿದರೆ ಎರಡು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಅದಕ್ಕೇ ಜನ "ಎರಡು ಗಂಟೆ ಸಾಕಲ್ವಾ?" ಅಂತ ಕೇಳೋದು. ಸಾಕಾಗಲ್ಲ. ಹಗಲಿಗೆ ಬಂದವರೆಲ್ಲ ಸಂಜೆ ಹೊತ್ತಿಗೆ ದಾಟಿ ಹೋಗುತ್ತಾರೆ. ಆಮೇಲೆ ಗಡ್ಡೆ ಅಲ್ಲಿನವರದಾಗುತ್ತದೆ. ನೀರಿನ ಸದ್ದು ಎಲ್ಲ ದಿಕ್ಕಿನಿಂದಲೂ ಕೇಳಲು ಶುರುವಾಗುತ್ತದೆ. ಅರ್ಚಕರ ಮನೆಗಳಲ್ಲೇ ಊಟ, ಮಲಗಲು ಜಾಗ ಮಾಡಿಕೊಡುತ್ತಾರೆ. ಮೊದಲೇ ಹೇಳಿಟ್ಟಿರಬೇಕು, ಅವರೂ ಅಡುಗೆಗೆ ಸಾಮಾನು ದಡದಿಂದಲೇ ತರಬೇಕಲ್ಲ.

ಭಾವನ ತಾಯಿ ಆ ರಾತ್ರಿ ಬಹಳ ಹೊತ್ತು ಮಲಗಲಿಲ್ಲ. ಪಾರಾಯಣಕ್ಕೆ ಬಂದಿದ್ದ ಪುಣೆ ಕಡೆಯ ಒಬ್ಬ ಅಜ್ಜಿ ಜೊತೆ ಕಟ್ಟೆ ಮೇಲೆ ಕೂತಿದ್ದರು. ಇವರಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಏನು ಮಾತಾಡಿದರೋ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನದಿಗೆ ಇಳಿದು ಬಿಂದಿಗೆ ತುಂಬಿಕೊಂಡು ಬಂದರು. ಹಾಂ, ನದಿಗೆ ಇಳಿಯುವ ಮಾತು ಬಂತು. ಕೃಷ್ಣೆಯಲ್ಲಿ ಮೊಸಳೆಗಳಿವೆ. ಊರಿನವರು ಎಲ್ಲಿ ಇಳಿಯಿರಿ ಅನ್ನುತ್ತಾರೋ ಅಲ್ಲಿ ಮಾತ್ರ ಇಳಿಯಿರಿ. ಮಕ್ಕಳ ಕೈ ಬಿಡಬೇಡಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ನಮಗೆ ದಾಟುವುದು ರಜೆಯ ಖುಷಿ. ಈ ಭಾಗದಲ್ಲಿ ಕುರ್ವಕುಲಾ, ಕುರ್ವಕುರ್ದಾ ಅಂತ ಗಡ್ಡೆಯ ಹಳ್ಳಿಗಳಿವೆ. ಅಲ್ಲಿಯವರಿಗೆ ಹೈಸ್ಕೂಲಿಗೂ ದಾಟಬೇಕು, ದವಾಖಾನೆಗೂ ದಾಟಬೇಕು, ಬೆಳೆದ ಕಾಳು ಮಾರಲೂ ದಾಟಬೇಕು. ಹೊಳೆ ಬಂದರೆ ಎಲ್ಲ ನಿಂತುಬಿಡುತ್ತದೆ. ಸೇತುವೆಗಾಗಿ ಎಷ್ಟೋ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ದೋಣಿಯಲ್ಲಿ ಜಾಗ ಕಡಿಮೆ ಇದ್ದರೆ ದಯವಿಟ್ಟು ಊರಿನವರಿಗೆ ಮೊದಲು ಬಿಡಿ. ಅವರಿಗೆ ಹೊತ್ತು ತಪ್ಪಿದರೆ ಒಂದು ದಿನದ ಕೂಲಿ ಹೋಗುತ್ತದೆ.

ಇನ್ನು ಊರು. ಗಡ್ಡೆ ಮೊದಲು ಅಂದ ಮಾತ್ರಕ್ಕೆ ರಾಯಚೂರನ್ನು ಬಸ್ ಬದಲಿಸುವ ಜಾಗ ಅಂತ ಬಿಟ್ಟುಬಿಟ್ಟರೆ ನನಗೆ ನಿಜಕ್ಕೂ ನೋವಾಗುತ್ತದೆ. ಮರುದಿನದ ಮಧ್ಯಾಹ್ನ, ಸಂಜೆ ಎರಡನ್ನೂ ಇದಕ್ಕೆ ಇಡಿ. ಬಸ್ ನಿಲ್ದಾಣದ ಹತ್ತಿರವೇ ಕೋಟೆ. ಅದರ ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ. ಒಂದೇ ಕಲ್ಲು, ಉದ್ದ ಸುಮಾರು 41 ಅಡಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಈ ಕೋಟೆ ಕಟ್ಟಿದ ವಿಷಯ ಅದರ ಮೇಲೆ ತೆಲುಗಿನಲ್ಲಿ ಕೆತ್ತಿದ್ದಾರೆ. ನನಗೆ ಶಾಸನಕ್ಕಿಂತ ಪಕ್ಕದ ಚಿತ್ರ ಇಷ್ಟ. ಆ ಕಲ್ಲನ್ನೇ ಬಂಡಿಯ ಮೇಲೆ ಹೇರಿಕೊಂಡು ಬರುತ್ತಿರುವ ಚಿತ್ರ ಅದು. ಮುಂದೆ ಕೋಣಗಳ ಉದ್ದ ಸಾಲು. ಗಾಲಿಗಳ ಹತ್ತಿರ ಸನ್ನೆಕೋಲು ಹಾಕಿ ಮೀಟುತ್ತಿರುವ ಆಳುಗಳು. ಗೆರೆಗಳು ತೆಳ್ಳಗಿವೆ, ನಡು ಮಧ್ಯಾಹ್ನ ಹೋದರೆ ಕಣ್ಣಿಗೆ ಹತ್ತಲ್ಲ. ಇಳಿಬಿಸಿಲಿನಲ್ಲಿ ಹೋಗಿ. ಒಂದೊಂದೇ ಕೋಣ ಎದ್ದು ಬರುತ್ತದೆ. ಕೋಟೆ ಕಟ್ಟಿಸಿದವರ ಹೆಸರು ಎಲ್ಲ ಕಡೆ ಇರುತ್ತದೆ, ಎಳೆದವರನ್ನು ಕೆತ್ತಿದ್ದು ಎಷ್ಟು ಕಡೆ ಇದೆ ಹೇಳಿ. ಅಕ್ಕನ ಮಗಳು ಆ ಕಲ್ಲಿನ ಉದ್ದಕ್ಕೂ ಹೆಜ್ಜೆ ಎಣಿಸುತ್ತಾ ಎರಡು ಸಲ ನಡೆದಳು.

ಇದೇ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಜೊತೆ ಕಾದಾಡಿದ. ಆದಿಲ್ ಶಾಹ ಕೃಷ್ಣೆಯನ್ನು ದಾಟಿ ಈಚೆಗೆ ಬಂದಿದ್ದ. ಸೋತು ಓಡುವಾಗ ಅದೇ ನದಿ ಅವನ ಸೈನ್ಯಕ್ಕೆ ಅಡ್ಡವಾಯಿತು. ಬೆಳಿಗ್ಗೆ ಹರಿಗೋಲಿನಲ್ಲಿ ಕೂತು ಆ ನೀರಿನ ಸೆಳೆತ ನೋಡಿ ಬಂದವರಿಗೆ ಈ ಕಥೆ ಬೇರೆ ಥರ ಕೇಳಿಸುತ್ತದೆ. ಗಡ್ಡೆ ಮೊದಲು, ಊರು ಆಮೇಲೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಕೋಟೆ ಆದ ಮೇಲೆ ಏಕ್ ಮಿನಾರ್ ಮಸೀದಿ ನೋಡಿ. 1513ರದು, ಬಹಮನಿಗಳ ಕಾಲದ್ದು, ಹೆಸರಿನ ಹಾಗೆ ಒಂದೇ ಮಿನಾರು. ಹೊತ್ತಿದ್ದರೆ ಮಾವಿನಕೆರೆ ಕಡೆ ಒಂದು ಸುತ್ತು. ಸಂಜೆ ತೀನ್ ಕಂದೀಲ್ ಪೇಟೆಯಲ್ಲಿ ಅಡ್ಡಾಡಿ, ಬಿಸಿ ಮಿರ್ಚಿ ಭಜಿ ತಿಂದು ರೈಲು ಹತ್ತಿ.

ಕೆಲವರು ಜಲದುರ್ಗ ಬಗ್ಗೆಯೂ ಕೇಳುತ್ತಾರೆ. ಅದೂ ಕೃಷ್ಣೆಯ ನಡುಗಡ್ಡೆಯೇ, ಮೇಲೆ ಕೋಟೆ ಇದೆ. ಆದರೆ ಅದು ಲಿಂಗಸುಗೂರು ತಾಲ್ಲೂಕು, ರಾಯಚೂರಿನಿಂದ ದೂರ. ಈ ಎರಡು ದಿನದೊಳಗೆ ಅದನ್ನು ತುರುಕಬೇಡಿ. ಮುದಗಲ್ ಕೋಟೆ ಜೊತೆ ಸೇರಿಸಿ ಇನ್ನೊಂದು ಸಲ ಬನ್ನಿ.

ಒಂದೇ ದಿನ ಇದೆ ಅನ್ನುವವರಿಗೂ ನನ್ನ ಉತ್ತರ ಇದೆ. ಎರಡೂ ಬೇಡ, ಒಂದೇ ಮಾಡಿ. ನವೆಂಬರಿನಿಂದ ಫೆಬ್ರವರಿ ಒಳಗಾದರೆ ಗಡ್ಡೆ. ಹೊಳೆ ತುಂಬಿದ ತಿಂಗಳಾದರೆ ಊರು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕೋಟೆಯ ಕಲ್ಲೂ ಕಾಯುತ್ತದೆ, ನದಿಯ ಬಂಡೆಯೂ ಕಾಯುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಆಗ ಬರಬೇಡಿ. ದೀಪಾವಳಿಗೆ ಮುಂಚೆ ಬರುವ ಗುರುದ್ವಾದಶಿಗೆ ಗಡ್ಡೆಯಲ್ಲಿ ಜನ ಜಾಸ್ತಿ. ಭಕ್ತಿಯಿಂದ ಬರುವವರು ಅವತ್ತೇ ಬನ್ನಿ. ಶಾಂತವಾಗಿ ಕೂರಬೇಕು ಅನ್ನುವವರು ಬೇರೆ ದಿನ ನೋಡಿಕೊಳ್ಳಿ.

ಮೊನ್ನೆ ಭಾವ ಫೋನ್ ಮಾಡಿದ್ದರು. ಈ ಸಲ ಆಫೀಸಿನ ಇಬ್ಬರು ಗೆಳೆಯರನ್ನು ಕರೆದುಕೊಂಡು ದಸರಾ ರಜೆಗೆ ಬರುತ್ತಾರಂತೆ. ರೈಲು ಯಾವುದು, ಎಲ್ಲಿ ಉಳಿಯೋದು ಅಂತ ಏನೂ ಕೇಳಲಿಲ್ಲ. "ನಾರಾಯಣಪುರದಿಂದ ಎಷ್ಟು ಬಿಡ್ತಾ ಇದಾರೆ ನೋಡಿ ಹೇಳು, ಆಮೇಲೆ ಟಿಕೆಟ್ ಮಾಡಿಸ್ತೀನಿ" ಅಂದರು.