ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕೊಡಲೇಬೇಕೇನ್ರಿ?

ಕೊಪ್ಪಳದ ಗಿಣಿಗೇರಾ ಕಡೆಯ ಕಾರ್ಖಾನೆ ಇರಲಿ, ಗಂಗಾವತಿಯ ರೈಸ್ ಮಿಲ್ ಇರಲಿ, ಕಂಪ್ಲಯನ್ಸ್ ಸಾಫ್ಟ್‌ವೇರ್ ಹಾಕುವ ಮಾತು ಬಂದಾಗಲೆಲ್ಲ ಅಲ್ಲಿನ ಐಟಿ ಹುಡುಗರು ನನ್ನನ್ನು ಕೇಳುವುದು ಇದನ್ನೇ: "ಸರ್, ವೆಂಡರ್ ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಕೇಳಾಕತ್ತಾರ. ಕೊಡಲೇಬೇಕೇನ್ರಿ?"

ಬೇಡ. ಕೊಡಬೇಡಿ.

ಯಾವ ಕಂಪ್ಯೂಟರಿನಲ್ಲಿ ಏನಿದೆ, ಲೈಸೆನ್ಸ್ ಇದೆಯಾ, ಅಪ್‌ಡೇಟ್ ಆಗಿದೆಯಾ ಅಂತ ನೋಡಿ ಆಡಿಟ್‌ಗೆ ವರದಿ ಕೊಡುವುದು ಈ ಸಾಫ್ಟ್‌ವೇರ್‌ನ ಕೆಲಸ. ಅದಕ್ಕೆ ಪ್ರತಿ ಯಂತ್ರದಲ್ಲೂ ಏಜೆಂಟ್ ಅನ್ನುವ ಸಣ್ಣ ಪ್ರೋಗ್ರಾಂ ಕೂರಬೇಕು. ಅದನ್ನು ಕೂರಿಸಲು ಆ ಯಂತ್ರದ ಮಟ್ಟಿಗೆ ಅಡ್ಮಿನ್ ಹಕ್ಕು ಬೇಕು, ನಿಜ. ಆದರೆ ಡೊಮೇನ್ ಅಡ್ಮಿನ್ ಅಂದರೆ ಇಡೀ ಕಂಪನಿಯ ಎಲ್ಲ ಕಂಪ್ಯೂಟರ್, ಸರ್ವರ್‌ಗಳ ಮೇಲೆ ಹಿಡಿತ. ಬಾಯ್ಲರ್ ರಿಪೇರಿಗೆ ಬಂದವರ ಕೈಗೆ ಗೋದಾಮು, ತಿಜೋರಿ ಎಲ್ಲದರ ಕೀಲಿಕೈ ಗೊಂಚಲು ಕೊಟ್ಟ ಹಾಗೆ.

ಇದು ವೆಂಡರ್ ಮೇಲಿನ ಅನುಮಾನ ಅಲ್ಲ. ವಿಂಡೋಸ್ ಕೆಲಸ ಮಾಡುವ ರೀತಿಯೇ ಹಾಗಿದೆ. ಲಾರಿ ತೂಗುವ ವೇ ಬ್ರಿಡ್ಜ್ ಪಕ್ಕದ ಹಳೆ ಕಂಪ್ಯೂಟರ್ ನೆನೆಸಿಕೊಳ್ಳಿ. ಕಂಡಕಂಡವರ ಪೆನ್‌ಡ್ರೈವ್ ಚುಚ್ಚುವ ಯಂತ್ರ ಅದು. ಅಲ್ಲಿ ಡೊಮೇನ್ ಅಡ್ಮಿನ್ ಆಗಿ ಲಾಗಿನ್ ಆದರೆ ಎಲ್‌ಸಾಸ್ ಅನ್ನುವ, ಲಾಗಿನ್ ನೋಡಿಕೊಳ್ಳುವ ವಿಂಡೋಸ್ ಪ್ರೊಸೆಸ್ ಆ ಪಾಸ್‌ವರ್ಡಿನ ಹ್ಯಾಶ್ ಅನ್ನು, ಅಂದರೆ ಪಾಸ್‌ವರ್ಡಿನಿಂದ ಲೆಕ್ಕಹಾಕಿ ಮಾಡಿದ ಗುರುತನ್ನು, ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ. ಮಿಮಿಕ್ಯಾಟ್ಜ್‌ನಂಥ ಹ್ಯಾಕಿಂಗ್ ಟೂಲ್ ಅದನ್ನು ಹೊರಗೆಳೆಯುತ್ತೆ. ಪಾಸ್‌ವರ್ಡ್ ಏನಂತ ಗೊತ್ತಾಗುವುದೂ ಬೇಕಿಲ್ಲ, ಎಷ್ಟೋ ಕಡೆ ಹ್ಯಾಶ್ ಒಂದಿದ್ದರೆ ಸರ್ವರ್ ತನಕ ಹೋಗಬಹುದು. ಅಮೆರಿಕದ ಟಾರ್ಗೆಟ್ ಅಂಗಡಿಗಳ ಜಾಲಕ್ಕೆ 2013ರಲ್ಲಿ ಕಳ್ಳರು ನುಗ್ಗಿದ್ದು ಹೊರಗಿನ ಕೂಲಿಂಗ್ ಗುತ್ತಿಗೆದಾರರ ಲಾಗಿನ್ ಕದ್ದು. ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಹೋಯಿತು.

ಹಾಗಾದರೆ ಹಾಕುವುದು ಹೇಗೆ? ಇನ್‌ಸ್ಟಾಲರ್ ಎಂಎಸ್‌ಐ ಅನ್ನುವ ಮಾದರಿಯ ಫೈಲ್ ಆಗಿದ್ದರೆ ನಿಮ್ಮ ಹುಡುಗರೇ ಗ್ರೂಪ್ ಪಾಲಿಸಿ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಆದೇಶ ಕಳಿಸುವ ವಿಂಡೋಸ್ ಸೌಲಭ್ಯ) ಮೂಲಕ ಕಳಿಸಲಿ. ಬೆಳಿಗ್ಗೆ ಯಂತ್ರ ಆನ್ ಆಗುವಾಗ ವಿಂಡೋಸ್‌ನದೇ ಸಿಸ್ಟಮ್ ಹಕ್ಕಿನಲ್ಲಿ ತಾನೇ ಇನ್‌ಸ್ಟಾಲ್ ಆಗುತ್ತೆ. ಯಂತ್ರದ ಮುಂದೆ ಕೂತು ಯಾರೂ ಪಾಸ್‌ವರ್ಡ್ ಹೊಡೆಯುವ ಪ್ರಶ್ನೆಯೇ ಇಲ್ಲ. ಆಮೇಲಿನ ಸ್ಕ್ಯಾನ್‌ಗೆ ಬೇರೆ ಸರ್ವಿಸ್ ಅಕೌಂಟ್ (ಮನುಷ್ಯರಲ್ಲ, ಸಾಫ್ಟ್‌ವೇರ್ ಬಳಸುವ ಅಕೌಂಟ್) ಮಾಡಿ, ಬೇಕಾದಷ್ಟೇ ಹಕ್ಕು ಕೊಡಿ. ಸಾಫ್ಟ್‌ವೇರ್ ಒಪ್ಪುವುದಾದರೆ ಜಿಎಂಎಸ್‌ಎ ಅನ್ನುವ, ಪಾಸ್‌ವರ್ಡನ್ನು ವಿಂಡೋಸೇ ನೋಡಿಕೊಳ್ಳುವ ಸರ್ವಿಸ್ ಅಕೌಂಟ್ ಬಳಸಿ. ವಿಂಡೋಸ್ ಸರ್ವರ್ 2012ರಿಂದ ಇದೆ. ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಪಾಸ್‌ವರ್ಡ್ ತಾನೇ ಬದಲಾಗುತ್ತೆ, ಯಾರೂ ಅದನ್ನು ನೆನಪಿಡಬೇಕಿಲ್ಲ.

ಎಲ್ಲ ಯಂತ್ರಕ್ಕೂ ಒಂದೇ ಲೋಕಲ್ ಅಡ್ಮಿನ್ (ಯಂತ್ರದ ಮಟ್ಟಿನ ಅಡ್ಮಿನ್) ಪಾಸ್‌ವರ್ಡ್ ಇದೆಯಾ? ಅದನ್ನು ಮೊದಲು ಸರಿಮಾಡಿ. ಲ್ಯಾಪ್ಸ್ ಅನ್ನುವ, ಈ ಪಾಸ್‌ವರ್ಡ್‌ಗಳನ್ನು ನೋಡಿಕೊಳ್ಳುವ ಸೌಲಭ್ಯ ಈಗ ವಿಂಡೋಸ್‌ನಲ್ಲೇ ಬರುತ್ತೆ, ಯಂತ್ರಕ್ಕೊಂದು ಪಾಸ್‌ವರ್ಡ್ ಇಡುತ್ತೆ. ಪಾಸ್‌ವರ್ಡ್‌ಗಳ ಎಕ್ಸೆಲ್ ಫೈಲ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತೆ.

ವೆಂಡರ್ ಎಂಜಿನಿಯರ್‌ಗೆ ಅವರದೇ ಹೆಸರಿನ ಅಕೌಂಟ್ ಕೊಡಿ, ಅದು ಯಾವತ್ತು ಮುಗಿಯಬೇಕು ಅನ್ನುವ ತಾರೀಖನ್ನೂ ಅದರಲ್ಲೇ ಹಾಕಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆ) ಇಟ್ಟಿರಬೇಕು. ಎಲ್ಲರೂ 'ಅಡ್ಮಿನಿಸ್ಟ್ರೇಟರ್' ಅಂತಲೇ ಲಾಗಿನ್ ಆಗಿದ್ದರೆ ಆ ಲಾಗ್ ಇದ್ದೂ ಏನು ಪ್ರಯೋಜನ? ಯಾರು ಮಾಡಿದ್ದು ಅಂತ ಹೇಗೆ ಹುಡುಕುತ್ತೀರಿ?

ವೆಂಡರ್ ಒಪ್ಪದಿದ್ದರೆ ಜಗಳ ಬೇಡ. ಯಾವ ಕೆಲಸಕ್ಕೆ ಯಾವ ಹಕ್ಕು ಬೇಕು ಅಂತ ಬರೆದು ಕೊಡಿ ಅನ್ನಿ. ಆರ್ಡರ್ ಕೊಡುವ ಮೊದಲೇ ಕೇಳಿ. ದುಡ್ಡು ಕೊಟ್ಟ ಮೇಲೆ ಆ ಕಾಗದ ಸಿಗುವುದು ಕಷ್ಟ.